ಅರವತ್ತೆರಡು ವರ್ಷದ ಕೀಲು

ಟೈಲ್ಸಿನ ಮೇಲೆ ಡಾಲ್ಫಿನ್‌ಗಳಿದ್ದವು. ಒಂದಲ್ಲ, ಎರಡು, ಎದುರುಬದುರಾಗಿ ನೆಗೆಯುತ್ತಿದ್ದವು, ನಡುವೆ ಹೃದಯದ ಆಕಾರದ ಒಂದು ಅಲೆ. ಷಡ್ಡಕ ಅದನ್ನು ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿಸಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮೊದಲ ಮಗುವಿನ ಫೋಟೊ ನೋಡುವವನ ಹಾಗೆ ತಲೆ ಓರೆ ಮಾಡಿ ನಿಂತ.

"ಹೇಗಿದೆ?" ಅಂದ. "ಬಾಲ್ಕನಿಗೆ, ಹೊರಗೋಡೆಗೆ, ಒಳಗೆ ಹಾಲಿಗೆ, ಎಲ್ಲಾ ಕಡೆ ಇದೇ. ಮುಂದಿನ ತಿಂಗಳು ಹದಿನೈದಕ್ಕೆ ಕೆಲಸ ಶುರು. ಬೇಜಾರು ಮಾಡ್ಕೋಬೇಡಿ ಇಂಜಿನಿಯರ್ರೇ, ನೀವು ನಿಮ್ಮ ಕೈಲಾದಷ್ಟು ಚೆನ್ನಾಗೇ ಮಾಡಿದೀರ. ಆದ್ರೆ ಬಂದೋರೆಲ್ಲ ಕೇಳೋದು ಒಂದೇ ಮಾತು: ಪ್ಲಾಸ್ಟರಿಂಗ್ ಯಾವಾಗ ಮುಗಿಯುತ್ತೆ ಅಂತ!"

ತನ್ನ ಮಾತಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ. ಅಕ್ಕತಂಗಿಯರಿಬ್ಬರೂ, ಅಂದರೆ ಈ 'ಇಂಜಿನಿಯರ್'ನ ಹೆಂಡತಿಯೂ ಷಡ್ಡಕನ ಹೆಂಡತಿಯೂ, ತಂತಮ್ಮ ತಟ್ಟೆ ನೋಡಿಕೊಂಡರು.

ಅವನು ಇಂಜಿನಿಯರ್ ಅಲ್ಲ, ವಾಸ್ತುಶಿಲ್ಪಿ. ಹಾಳುಬಿದ್ದ ಹಳೆಯ ಕಟ್ಟಡಗಳನ್ನು ಮೊದಲು ಹೇಗಿದ್ದವೋ ಹಾಗೆಯೇ ಎಬ್ಬಿಸಿ ನಿಲ್ಲಿಸುವುದು ಅವನ ಕಸುಬು. ಹದಿನಾಲ್ಕು ವರ್ಷದ ನಂಟಸ್ತಿಕೆಯಲ್ಲಿ ಈ ಮನುಷ್ಯನಿಗೆ ಅಷ್ಟೂ ತಲೆಗೆ ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ಬಚ್ಚಲುಮನೆಯ ಟೈಲ್ಸ್ ಮಾರಿ ಮಾರಿ ಆರು ಅಂಗಡಿ ಇಟ್ಟವನಿಗೆ ಜಗತ್ತೆಲ್ಲ ಒಂದು ದೊಡ್ಡ ಬಚ್ಚಲಿನಂತೆಯೇ ಕಾಣುತ್ತಿರಬೇಕು. ಮನಸ್ಸಿನಲ್ಲಿ ಅವನು ಷಡ್ಡಕನಿಗೆ ಇಟ್ಟುಕೊಂಡಿದ್ದ ಹೆಸರು ಟೈಲ್ಸು.

"ಚೆನ್ನಾಗಿದೆ" ಎಂದು ಹೇಳಿ ಅವನು ಊಟ ಮುಂದುವರಿಸಿದ. ಒಳಗೆ ಮೈಯೆಲ್ಲ ಉರಿದುಹೋಗಿತ್ತು.

ಈ ಮನೆಗೆ ಅವನು ನಾಲ್ಕು ವರ್ಷ ಕೊಟ್ಟಿದ್ದ. ಅರವತ್ತೆರಡು ವರ್ಷದ ಹಿಂದೆ ಯಾರೋ ಒಬ್ಬ ಪುಣ್ಯಾತ್ಮ, ನಿಜವಾದ ಕಣ್ಣಿದ್ದವನು, ಕಡಲಂಚಿನ ಬಂಡೆಯ ನೆತ್ತಿಯ ಮೇಲೆ ಬರೀ ಕಾಂಕ್ರೀಟು, ಗಾಜು, ಉಕ್ಕು ಇಷ್ಟರಲ್ಲೇ ಇದನ್ನು ಕಟ್ಟಿದ್ದ. ಗೋಡೆಗೆ ಬಣ್ಣವಿಲ್ಲ, ಎರಕ ಹೊಯ್ಯಲು ಕಟ್ಟಿದ್ದ ಹಲಗೆಗಳ ನಾರುನಾರು ಅಚ್ಚು ಹಾಗೇ ಮೂಡಿ ನಿಂತಿದೆ. ಹಾಲಿನ ಕಿಟಕಿಯನ್ನು ಎಷ್ಟು ಲೆಕ್ಕಹಾಕಿ ಇಟ್ಟಿದ್ದಾನೆಂದರೆ, ಕುರ್ಚಿಯಲ್ಲಿ ಕೂತವನಿಗೆ ದಡವಾಗಲಿ ಬಂಡೆಯಾಗಲಿ ಕಾಣುವುದಿಲ್ಲ, ನೀರು ಮತ್ತು ಆಕಾಶ ಮಾತ್ರ. ಆಮೇಲೆ ಬಂದ ಒಡೆಯರು ಒಬ್ಬರಾದ ಮೇಲೊಬ್ಬರು ಗುಲಾಬಿ ಬಣ್ಣ ಬಳಿದು, ಸುಳ್ಳು ಛಾವಣಿ ಇಳಿಬಿಟ್ಟು, ಕೊನೆಗೆ ಬಾವಲಿಗಳಿಗೆ ಬಿಟ್ಟುಹೋಗಿದ್ದರು. ಅವನು ಆ ಬಣ್ಣವನ್ನು ಅಂಗುಲ ಅಂಗುಲವಾಗಿ ಕೆರೆಸಿದ್ದ. ಬಿರುಕಿಗೆ ತುಂಬುವ ಗಾರೆಯ ಬೂದುಬಣ್ಣ ಹಳೆಯದಕ್ಕೆ ಕೂಡಬೇಕೆಂದು ನಲವತ್ತೊಂದು ಮಾದರಿ ಕಲಸಿ ಬಿಸಿಲಲ್ಲಿಟ್ಟು ನೋಡಿದ್ದ. ಬೀಗ, ತಿರುಗಣೆ, ದೀಪದ ತೋಳು ಇವೆಲ್ಲವನ್ನೂ, ತುಕ್ಕು ತಿಂದದ್ದರ ಬದಲಿಗೆ, ತನ್ನ ಶೆಡ್ಡಿನಲ್ಲಿ ತಾನೇ ಕಡೆದು ಮಾಡಿದ್ದ. ಕೊಳ್ಳುವ ತಾಕತ್ತು ಮಾತ್ರ ಅವನಿಗಿರಲಿಲ್ಲ. ಅದಕ್ಕೇ ನಾದಿನಿಯ ಕಿವಿಯಲ್ಲಿ ಆರು ತಿಂಗಳು ಊದಿ ಊದಿ, ಟೈಲ್ಸಿನ ಕೈಯಲ್ಲಿ ಕೊಳ್ಳಿಸಿದ್ದ. ಹೋದ ವರ್ಷ ಕೆಲಸ ಮುಗಿದಿತ್ತು.

ಅಂಥ ಮನೆಯಲ್ಲಿ ಟೈಲ್ಸು ಏನು ಮಾಡಿದ? ಕಿಟಕಿಗೆ ಬೆನ್ನು ಹಾಕಿ ಸೋಫಾ ಇಟ್ಟ, ಯಾಕೆಂದರೆ ಟಿವಿ ಎದುರುಗೋಡೆಯಲ್ಲಿತ್ತು. ಕಂಬವಿಲ್ಲದೆ ಹನ್ನೊಂದಡಿ ಹೊರಕ್ಕೆ ಚಾಚಿ ನಿಂತ ಬಾಲ್ಕನಿಯಲ್ಲಿ ದಿನಾ ಬೆಳಗ್ಗೆ ಹತ್ತೂವರೆಗೆ ಕಟಕಟೆಗೆ ಬೆನ್ನು ಆನಿಸಿ, ಎರಡೂ ಮೊಣಕೈ ಹಿಂದಕ್ಕೆ ಚೆಲ್ಲಿ, ಅಂಗಡಿಯವರ ಮೇಲೆ ಫೋನಿನಲ್ಲಿ ಕೂಗಾಡಿದ. ಇಡೀ ಕಡಲು ಬೆನ್ನ ಹಿಂದೆ ಮೊರೆಯುತ್ತಿದ್ದರೂ ಒಂದು ದಿನ, ತಪ್ಪಿ ಕೂಡ, ಕತ್ತು ತಿರುಗಿಸಿ ನೋಡಲಿಲ್ಲ. ಈಗ ಅದೇ ಬಾಲ್ಕನಿಗೆ ಡಾಲ್ಫಿನ್!

ಟೈಲ್ಸು ಬದುಕಿರುವ ತನಕ ಮನೆ ಉಳಿಯುವುದಿಲ್ಲ. ಟೈಲ್ಸು ಹೋದರೆ ಮನೆ ನಾದಿನಿಗೆ ಬರುತ್ತದೆ. ನಾದಿನಿ ಇವತ್ತಿನವರೆಗೆ "ಭಾವ ಹೇಳಿದ ಹಾಗೆ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ. ಇಷ್ಟು ಸರಳವಾದ ಲೆಕ್ಕ ಮಾಡಲು ಅವನಿಗೆ ಊಟ ಮುಗಿಸಿ ಕೈ ತೊಳೆಯುವಷ್ಟು ಹೊತ್ತು ಸಾಕಾಯಿತು. ಪಾಪ ಎಂದು ಅನಿಸಲಿಲ್ಲ. ಗೋಡೆಯಿಂದ ಗುಲಾಬಿ ಬಣ್ಣ ಕೆರೆಸುವಾಗಲೂ ಅನಿಸಿರಲಿಲ್ಲ.

ಉಪಾಯ ಹುಡುಕಬೇಕಾಗಲಿಲ್ಲ, ಮನೆಯೇ ಕೊಟ್ಟಿತು. ಕಿರಿದಾದ ಮೆಟ್ಟಿಲಲ್ಲಿ ಹಿಡಿಸದ ಮಂಚ, ಬೀರುಗಳನ್ನು ಹಗ್ಗ ಕಟ್ಟಿ ಹೊರಗಿನಿಂದ ಎಳೆದುಕೊಳ್ಳಲೆಂದು, ಬಾಲ್ಕನಿ ಕಟಕಟೆಯ ನಡುವಿನ ನಾಲ್ಕಡಿ ತುಂಡನ್ನು ಗೇಟಿನಂತೆ ಹೊರಕ್ಕೆ ತೆರೆಯುವ ಹಾಗೆ ಮಾಡಿದ್ದರು. ಅದನ್ನು ಮುಚ್ಚಿ ಹಿಡಿದಿರುವುದು ಒಂದೇ ಒಂದು ಉಕ್ಕಿನ ಕೀಲು: ಹೆಬ್ಬೆರಳು ದಪ್ಪ, ಗೇಣುದ್ದ, ಮೇಲಿನಿಂದ ಇಳಿಸಿದರೆ ನೆಲದ ಕುಳಿಯಲ್ಲಿ ಹೋಗಿ ಕೂರುತ್ತದೆ. ಕೆಳಗೆ ಮೂವತ್ತಡಿ, ಆಮೇಲೆ ಬಂಡೆ. ಟೈಲ್ಸು ಬೆನ್ನು ಆನಿಸುವುದು ಸರಿಯಾಗಿ ಆ ನಾಲ್ಕಡಿಗೇ, ಯಾಕೆಂದರೆ ಇಡೀ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

ಮೊದಲು ಕಾಗದಪತ್ರ. ತೊಂದರೆಯಾದರೆ ಜನ ಹುಡುಕುವುದು ಸತ್ಯವನ್ನಲ್ಲ, ಸಹಿಯನ್ನು. ಇದು ಅವನ ಅನುಭವ. ಮನೆಯನ್ನು ಒಪ್ಪಿಸುವಾಗ ಅವನು ಮುನ್ನೂರ ನಲವತ್ತು ಪುಟದ ವರದಿ ಬರೆದಿದ್ದ. ಹನ್ನೊಂದು ಜನಕ್ಕೆ ಪ್ರತಿ ಕಳಿಸಿದ್ದ, ಹನ್ನೊಂದು ಜನವೂ ಓದಿರಲಿಲ್ಲ. ಟೈಲ್ಸಂತೂ ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ತಿರುವಿ ತಿರುವಿ ಸಹಿ ಗೀಚಿದ್ದ. ಅದರಲ್ಲಿ ಗೇಟಿನ ಕೀಲು ಮೂಲದ್ದು, ಗಟ್ಟಿಯಾಗಿದೆ, ಹಾಗೇ ಉಳಿಸಿಕೊಂಡಿದೆ ಎಂದಿತ್ತು. ಈಗ ಅವನು ಒಂದು ಕಾಗದ ಬರೆದ: ಕೀಲಿನ ಸುತ್ತ ತುಕ್ಕಿನ ಕಲೆ ಕಂಡಿದೆ, ತೆಗೆದು ಪರೀಕ್ಷಿಸುವುದು ಒಳ್ಳೆಯದು, ಎರಡು ವಾರ ಯಾರೂ ಗೇಟಿನ ಹತ್ತಿರ ಸುಳಿಯಬಾರದು. ಮುಂದಿನ ಭಾನುವಾರದ ಊಟಕ್ಕೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದ.

"ಎರಡು ವಾರ ಫೋನಿಲ್ದೆ ಇರೋಕಾಗುತ್ತೇನ್ರೀ?" ಟೈಲ್ಸು ಕೂಗಿದ. "ಅರವತ್ತು ವರ್ಷ ಬಾಳಿದ್ದು ಇನ್ನೊಂದು ತಿಂಗಳು ಬಾಳಲ್ವಾ? ಹದಿನೈದಕ್ಕೆ ಹೇಗಿದ್ರೂ ಆ ಕಟಕಟೆಯೆಲ್ಲ ಕಿತ್ತು ಬಿಸಾಕಿ ಪಳಪಳ ಅನ್ನೋ ಸ್ಟೀಲ್ ಹಾಕಿಸ್ತೀನಿ."

"ಭಾವ ಹೇಳಿದ ಹಾಗೆ ಕೇಳಬಾರ್ದಾ?" ನಾದಿನಿ ಮೆಲ್ಲಗೆ ಅಂದಳು.

"ನಿಂಗೊತ್ತಾಗಲ್ಲ, ಸುಮ್ನಿರು."

"ಹಾಗಿದ್ರೆ ಬೇಡ ಅಂತ ಇದರ ಮೇಲೇ ಬರೆದುಕೊಡಿ. ಫೈಲಿಗೆ ಇರಲಿ" ಎಂದು ಅವನು ಪೆನ್ನು ಮುಂದಿಟ್ಟ. ಟೈಲ್ಸು ದೊಡ್ಡದಾಗಿ 'ಬೇಡ' ಎಂದು ಬರೆದು ಸಹಿ ಹಾಕಿದ. ನೀರು ಕುಡಿದಷ್ಟು ಸುಲಭವಾಗಿ ಮುಗಿಯಿತು. ಅವನಿಗೆ ಒಂದು ಕ್ಷಣ ನಾಚಿಕೆಯೇ ಆಯಿತು. ಇಷ್ಟು ದಡ್ಡನ ಎದುರು ಇಷ್ಟೊಂದು ಬುದ್ಧಿ ಖರ್ಚು ಮಾಡಬೇಕಿತ್ತೇ ಎಂದು.

ಇನ್ನು ಕೀಲು. ಬೇರೆ ಯಾರಾದರೂ ಆಗಿದ್ದರೆ ಇದ್ದ ಕೀಲನ್ನೇ ತೆಗೆದು ಗರಗಸ ಹಾಕಿ, ಆಸಿಡ್ಡು ಸುರಿದು ಸೊರಗಿಸಿ ಮತ್ತೆ ಇಳಿಸುತ್ತಿದ್ದರು. ಅವನೂ ಅದನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಅರವತ್ತೆರಡು ವರ್ಷ ಉಪ್ಪುಗಾಳಿ ಕುಡಿದೂ ಒಂದು ಕೂದಲಷ್ಟು ಸೀಳಿರಲಿಲ್ಲ. ಮೊದಲು ಕಟ್ಟಿದವನು ಆರಿಸಿದ ಉಕ್ಕು, ಅವನ ಕಾಲದ ಕಮ್ಮಾರನ ಸುತ್ತಿಗೆಯ ಏಟು. ಇದಕ್ಕೆ ಗರಗಸ ಹಾಕುವುದೇ? ಟೈಲ್ಸಿನಂಥ ಒಬ್ಬನಿಗೋಸ್ಕರ? ಛೆ! ಕೊಲೆ ಮಾಡಬಹುದು, ಮೂಲ ವಸ್ತುವನ್ನು ಕೆಡಿಸಬಾರದು. ಅವನು ಅದರ ಅಳತೆಗಳನ್ನೆಲ್ಲ ಗುರುತು ಹಾಕಿಕೊಂಡು, ಅದನ್ನು ಇದ್ದಲ್ಲಿಗೇ ಇಳಿಸಿ ಮನೆಗೆ ಬಂದ.

ಮೂರು ಭಾನುವಾರ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ಹೆಂಡತಿ ಚಹಾ ತಂದು ಬಾಗಿಲು ಬಡಿದರೆ "ಅಲ್ಲೇ ಇಟ್ಟುಹೋಗು" ಅಂದ. ಅವಳಿಗೆ ಇದೇನು ಹೊಸದಲ್ಲ. ಲೇತಿನ ಮೇಲೆ ಉಕ್ಕು ಹಾಡಿತು. ಕೂದಲೆಳೆಯಂಥ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬಳಿ ಬಿತ್ತು. ತಲೆಯ ದುಂಡು, ಅದರ ಮೇಲಿನ ಸುತ್ತಿಗೆಯ ತಗ್ಗು, ಮೈಯ ಸಣ್ಣ ಸೊಟ್ಟ, ಯಾವುದನ್ನೂ ಬಿಡಲಿಲ್ಲ. ಕಡೆಯುವುದೆಲ್ಲ ಮುಗಿದ ಮೇಲೆ, ನೆಲಮಟ್ಟಕ್ಕೆ ಬರುವ ಜಾಗದಲ್ಲಿ ಒಳಗೊಳಗೇ ಟೊಳ್ಳು ಮಾಡಿದ. ಆಮೇಲೆ ಕಡಲ ನೀರಿನ ಜಾಡಿಯಲ್ಲಿ ಮುಳುಗಿಸಿ, ತೆಗೆದು, ಒಣಗಿಸಿ, ಮತ್ತೆ ಮುಳುಗಿಸಿದ. ಮೂರನೆಯ ವಾರದ ಹೊತ್ತಿಗೆ ಅದಕ್ಕೆ ಅಡಿಯಿಂದ ಮುಡಿಯ ತನಕ ದಪ್ಪ ತುಕ್ಕು ಹತ್ತಿ, ಅರವತ್ತು ವರ್ಷದ ಮುದಿತನ ಬಂದಿತ್ತು. ಮಾಡಿದವನೇ ಬೆರಗಾಗುವಂತಿತ್ತು. ಇದನ್ನು ಮೆಚ್ಚಬಲ್ಲವರು ಜಗತ್ತಿನಲ್ಲಿ ನಾಲ್ಕು ಜನ ಇರಬಹುದು, ಆ ನಾಲ್ವರಿಗೂ ತೋರಿಸುವಂತಿಲ್ಲ ಎಂಬುದೊಂದೇ ಸಂಕಟ.

ಹದಿನೈದಕ್ಕೆ ಇನ್ನು ಎಂಟು ದಿನ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ಕೀಲು ಬದಲಾಯಿತು. ಟೈಲ್ಸು ಅಂಗಡಿಯಲ್ಲಿದ್ದ. ನಾದಿನಿ ಅಕ್ಕನ ಜತೆ ಎರಡು ದಿನ ಇರಲೆಂದು ಅವನ ಮನೆಗೆ ಬಂದಿದ್ದಳು. ಬರುವಂತೆ ಮಾಡಿದವನು ಅವನೇ. ಅವಳಿಗೆ ಏನೂ ಆಗಬಾರದು. ಅವಳು ಮುಂದಿನ ಒಡತಿ. ಬೀಗದಕೈ ಅವನ ಹತ್ತಿರ ಮೊದಲಿನಿಂದಲೂ ಇತ್ತು. ಹಳೆಯದನ್ನು ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡ, ಹೊಸದನ್ನು ಇಳಿಸಿದ. ಅದು ಕುಳಿಯಲ್ಲಿ ಕೂತಾಗ 'ಟಕ್' ಎಂದ ಸದ್ದು ಕೂಡ ಹಳೆಯದರಂತೆಯೇ ಇತ್ತು. ಐದು ನಿಮಿಷ ಕಡಲು ನೋಡುತ್ತ ನಿಂತು, ಹೊರಟ.

ಭಾನುವಾರ ಹತ್ತೂವರೆಗೆ ಅವನು ಒಂದು ಕಾಲೇಜಿನ ಸಭಾಂಗಣದಲ್ಲಿ, ಇನ್ನೂರು ಜನರ ಎದುರು, ಇದೇ ಮನೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಪರದೆಯ ಮೇಲೆ ಬಾಲ್ಕನಿಯ ಚಿತ್ರ ಬಂದಾಗ ಜೇಬಿನಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಅವನು ಉಳಿದ ಹನ್ನೆರಡು ಚಿತ್ರಗಳನ್ನು ಒಂದೂ ಬಿಡದೆ ತೋರಿಸಿ, ಮೂರು ಪ್ರಶ್ನೆಗೆ ಉತ್ತರಿಸಿ, ಚಪ್ಪಾಳೆ ನಿಂತ ಮೇಲೆ ಫೋನು ತೆಗೆದ. ಹೆಂಡತಿ ಅಳುತ್ತಿದ್ದಳು. "ಕಟಕಟೆ ಬಿಟ್ಟುಕೊಂಡಿತಂತೆ ರೀ... ನೀವು ಬಡ್ಕೊಂಡ್ರಲ್ಲ, ಅದೇ ಕಟಕಟೆ..."

"ನಾನು ಎಷ್ಟು ಹೇಳಿದೆ!" ಅಂದ ಅವನು. ದನಿ ಎಲ್ಲಿ ಬಿರಿಯಬೇಕೋ ಅಲ್ಲಿ ಬಿರಿಯಿತು.

ಆಮೇಲಿನ ದಿನಗಳಲ್ಲಿ ಎಲ್ಲವೂ ಅವನು ಹಾಕಿಟ್ಟ ಹಳಿಯ ಮೇಲೆಯೇ ಓಡಿತು. ಪೊಲೀಸರು ಕಾಗದ ನೋಡಿದರು, 'ಬೇಡ' ನೋಡಿದರು, ಸಹಿ ನೋಡಿದರು, ತಲೆಯಾಡಿಸಿದರು. ಇಂಥ ಅಪಘಾತವಾದಾಗ ಕಟ್ಟಡವನ್ನು ಸರಕಾರಿ ಇಂಜಿನಿಯರ್ ಒಬ್ಬರು ಪರೀಕ್ಷಿಸಿ ಷರಾ ಬರೆಯುವುದೊಂದು ಬಾಕಿ, ಬರೀ ಶಾಸ್ತ್ರಕ್ಕೆ, ಎಂದರು.

ಊಟದಲ್ಲಿ ಕಲ್ಲು ಸಿಕ್ಕ ಹಾಗಾದದ್ದು ಎಣಿಸದ ಕಡೆ. ಹತ್ತನೆಯ ದಿನ ನಾದಿನಿ, ಅತ್ತು ಅತ್ತು ಊದಿದ ಮುಖದಲ್ಲಿ, ಆ ಡಾಲ್ಫಿನ್ ಟೈಲ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಭಾವ, ಟೈಲ್ಸ್ ಹಾಕಿಸಿಬಿಡೋಣ. ಅವರ ಆಸೆ ಅದೊಂದೇ ಉಳ್ಕೊಂಡುಬಿಡ್ತು. ನೀವೇ ಮುಂದೆ ನಿಂತು ಮಾಡಿಸ್ಕೊಡಬೇಕು."

ಅವನು ಅದನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. "ಈಗಲೇ ಯಾಕೆ? ಸ್ವಲ್ಪ ಸಮಾಧಾನ ಮಾಡ್ಕೋ..."

"ನಿಮಗೆ ಗೊತ್ತಿಲ್ಲ ಭಾವ. ಅವರಿಗೆ ಅಷ್ಟು ನೀರು ನೋಡಿದ್ರೆ ತಲೆ ಸುತ್ತೋದು. ಅದಕ್ಕೇ ಯಾವಾಗ್ಲೂ ಬೆನ್ನು ಹಾಕಿ ನಿಲ್ತಿದ್ರು. ನನಗೆ ಕಡಲು ಇಷ್ಟ ಅಂತ ಮನೆ ತಗೊಂಡ್ರು. ಡಾಲ್ಫಿನ್ ಕೂಡ ನಾನೇ ಆರಿಸಿದ್ದು."

ಹೆದರುಪುಕ್ಕಲ ಬೇರೆ ಎಂದುಕೊಂಡ ಅವನು, ಮತ್ತು ಇವಳೂ ಅದೇ ಜಾತಿಯವಳು. ಸಮಯ ಬೇಕು, ಅಷ್ಟೇ. ಆರು ತಿಂಗಳು ಸಿಕ್ಕರೆ ಇವಳ ತಲೆ ತಿರುಗಿಸುವುದು ದೊಡ್ಡದಲ್ಲ. ತಪಾಸಣೆ ಮುಗಿಯುವ ತನಕ ಗೋಡೆ ಮುಟ್ಟುವಂತಿಲ್ಲ ಎಂದು ಸುಳ್ಳೇ ಕಾನೂನು ಹೇಳಿ ಅವಳನ್ನು ಸುಮ್ಮನಿರಿಸಿದ. ಹಾಗಾಗಿ ಮರುವಾರ ಸರಕಾರಿ ಇಂಜಿನಿಯರ್ ಬಂದಾಗ ಅವನಿಗೆ ನಿಜಕ್ಕೂ ಸಂತೋಷವಾಯಿತು. ನಿಧಾನಕ್ಕೆ ನೋಡಲಿ, ಎಷ್ಟು ದಿನವಾದರೂ ನೋಡಲಿ.

ಬಂದವಳು ಕುಳ್ಳಗಿನ ಹೆಂಗಸು, ಕಡಲಗಾಳಿಗೆ ಒಂದೇ ಸಮ ಸೀನುತ್ತಿದ್ದಳು. ಸವೆದ ಚಪ್ಪಲಿ, ಕಂಕುಳಲ್ಲಿ ರಬ್ಬರ್‌ಬ್ಯಾಂಡ್ ಹಾಕಿದ ಒಂದು ದಪ್ಪ ಕಟ್ಟು. ನೋಡಿದರೆ ಚರಂಡಿಯ ಅಳತೆಗೆ ಬಂದವಳ ಹಾಗಿದ್ದಳು. ಆ ಕಟ್ಟು ತನ್ನ ವರದಿ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಬಸ್ಸಲ್ಲಿ ಹೋಗ್ತಾ ಬರ್ತಾ ಓದಿದೆ ಸರ್" ಅಂದಳು. "ಎರಡು ಸಲ. ಮೊದಲನೇ ಸಲ ಕೆಲಸಕ್ಕೆ, ಎರಡನೇ ಸಲ ಚೆನ್ನಾಗಿದೆ ಅಂತ."

ಮುನ್ನೂರ ನಲವತ್ತು ಪುಟಕ್ಕೆ ಮೊಟ್ಟಮೊದಲ ಓದುಗಿ! ಅವನ ಮನಸ್ಸು ಬೆಣ್ಣೆಯಾಯಿತು. ಕೂರಿಸಿದ, ತಾನೇ ಚಹಾ ಮಾಡಿ ತಂದ.

"ಒಂದು ವಿಷಯ ಮಾತ್ರ ಕಣ್ಣಾರೆ ನೋಡ್ಬೇಕು ಸರ್. ಹನ್ನೆರಡನೇ ಪುಟದಲ್ಲಿ, ಹೊಸ ಭಾಗಗಳಿಗೆ ಗುರುತು ಅಂತ ಬರೆದಿದೀರಲ್ಲ..."

ಅವನು ಎದ್ದೇ ನಿಂತ. ಚಾಕುವಿನ ತುದಿಯಿಂದ ಕಿಟಕಿಯ ಅಗುಳಿ ಬಿಚ್ಚಿ ಮಗುಚಿದ. ಹಿಂಬದಿಯಲ್ಲಿ ಇಸವಿ ಒತ್ತಿತ್ತು. ಬಾಗಿಲ ತಿರುಗಣೆ ಬಿಚ್ಚಿದ, ದೀಪದ ತೋಳು ಬಿಚ್ಚಿದ. ಎಲ್ಲದರ ಮರೆಯ ಮುಖದಲ್ಲೂ ನಾಲ್ಕು ಪುಟ್ಟ ಅಂಕಿ. "ನೋಡಿ ಮೇಡಂ, ಇದು ನಮ್ಮ ಕಸುಬಿನ ನಿಯತ್ತು. ಹೊಸದು ಹಳೇದರ ಹಾಗೇ ಕಾಣಲಿ, ತಪ್ಪಿಲ್ಲ. ಆದರೆ ನಾಳೆ ಯಾರೋ ಬಿಚ್ಚಿ ನೋಡ್ತಾರೆ. ಅವರಿಗೆ ಸುಳ್ಳು ಹೇಳಬಾರದು. ನಾನು ಯಾವುದೇ ತುಂಡು ಮಾಡಲಿ, ಕಡೆದು ಮುಗಿದ ತಕ್ಷಣ ಅಂಕಿಯ ಅಚ್ಚು ಇಟ್ಟು, ಸುತ್ತಿಗೇಲಿ ಹೊಡೆದು ಆ ವರ್ಷ ಒತ್ತೋದೇ."

"ಒಂದನ್ನೂ ಮರೆತಿಲ್ವಾ ಸರ್?"

"ಮರೆಯೋ ಮಾತೇ ಇಲ್ಲ. ನಾಲ್ಕು ವರ್ಷದಲ್ಲಿ ಸಾವಿರಗಟ್ಟಲೆ ಒತ್ತಿದೀನಿ. ಈಗ ಕೈಯೇ ಮಾಡಿಬಿಡುತ್ತೆ, ತಲೆ ಬೇಕಾಗೋದಿಲ್ಲ" ಎಂದು ನಕ್ಕ.

"ಹಾಗಾದ್ರೆ ಮುರಿದ ಕೀಲಿಗೆ ಗುರುತು ಇರೋಕೆ ಸಾಧ್ಯವಿಲ್ಲ."

"ಹೇಗಿರುತ್ತೆ? ಅದು ಮೂಲದ್ದು. ಅರವತ್ತೆರಡು ವರ್ಷದ್ದು. ನಾನು ಮುಟ್ಟೇ ಇಲ್ಲ."

ಅವಳು ಅಷ್ಟನ್ನೂ ಪೆನ್ಸಿಲಿನಲ್ಲಿ ನಿಧಾನಕ್ಕೆ ಬರೆದುಕೊಂಡು, ಕೆಳಗೆ ಸಹಿ ಕೇಳಿದಳು. ಅವನು ಧಾರಾಳವಾಗಿ ಹಾಕಿಕೊಟ್ಟ.

ಅವಳು ಒಂದು ಸೀನು ಸೀನಿ, ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಮುರಿದ ಕೀಲಿನ ಕೆಳಗಿನ ತುಂಡು, ನಾಲ್ಕು ಬೆರಳುದ್ದ. ಮೊನ್ನೆ ಪೊಲೀಸರು ಅದನ್ನು ನೆಲದ ಕುಳಿಯಿಂದ ಕೀಳಿಸಿ ಕೊಟ್ಟಿದ್ದರಂತೆ. ಎಲ್ಲಿ ತುಕ್ಕು ತಿಂದಿದೆ ನೋಡೋಣವೆಂದು ಇವಳು ಒಂದು ದಿನ ದ್ರಾವಣದಲ್ಲಿ ನೆನೆಹಾಕಿದ್ದಳಂತೆ. ತುಕ್ಕೆಲ್ಲ ಬಿಟ್ಟು ಹೊಸ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಅದರ ತಳದ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಅವನಿಗೆ ಆ ಏಟು ಹಾಕಿದ ನೆನಪೇ ಇರಲಿಲ್ಲ. ಆದರೆ ಮೇಜಿನ ಮೇಲಿದ್ದ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಅಲ್ಲಿ ನಾಲ್ಕು ಪುಟ್ಟ ಅಂಕಿಗಳು, ಅವನ ಸುತ್ತಿಗೆಯ ಏಟು ಯಾವಾಗಲೂ ಬೀಳುವಂತೆ ಎಡಕ್ಕೆ ಒಂಚೂರು ವಾಲಿ, ಅಚ್ಚುಕಟ್ಟಾಗಿ ಕೂತಿದ್ದವು, ಮತ್ತು ಅವು ಈ ವರ್ಷದವು.